ಕಡಲಹುಲ್ಲು ನೆಟ್ಟರೆ ನೀರಿನ ಸೀಸ, ಕ್ಯಾಡ್ಮಿಯಂ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಕಡಲ ಜೀವಿಗಳ ಬಗ್ಗೆ ಆಸಕ್ತಿ ಇರುವವರ ಸಣ್ಣ ಗುಂಪು. ಉಷ್ಣವಲಯದ ಕರಾವಳಿಯಲ್ಲಿ ಬೆಳೆಯುವ ಕಡಲಹುಲ್ಲು ಭಾರ ಲೋಹಗಳನ್ನು ಹೀರಿಕೊಳ್ಳುತ್ತದೆ ಎಂದು ಓದಿದೆವು. ಹಾಗಾದರೆ ಕಾರ್ಖಾನೆ, ಬಂದರುಗಳಿಂದ ಕೊಳಕಾದ ಕೊಲ್ಲಿಗಳಲ್ಲಿ ಇದನ್ನು ನೆಟ್ಟು ನೀರನ್ನು ಶುದ್ಧ ಮಾಡಬಹುದಲ್ವಾ? ಅಲ್ಲಿ ಮೇಯುವ ಮೀನನ್ನು ತಿನ್ನಬಹುದೇ? ಹುಲ್ಲಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಆಲೋಚನೆಯೂ ಇದೆ. ಏನೇನು ಗಮನಿಸಬೇಕು?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ: ಆಗುವುದಿಲ್ಲ. ಕಡಲಹುಲ್ಲು ಲೋಹವನ್ನು ಹೀರುವುದು ನಿಜ. ಆದರೆ ಲೋಹ ಎಣ್ಣೆಯ ಹಾಗೆ, ಚರಂಡಿ ನೀರಿನ ಹಾಗೆ ಕೊಳೆತು ಕರಗಿ ಹೋಗುವ ವಸ್ತುವಲ್ಲ. ಸೀಸ ಇವತ್ತೂ ಸೀಸ, ಸಾವಿರ ವರ್ಷದ ನಂತರವೂ ಸೀಸ. ಗಿಡ ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ಸ್ವಲ್ಪ ಕಾಲ ಹಿಡಿದಿಡಬಹುದು. ಮುಗಿಸಲು ಆಗುವುದಿಲ್ಲ. ಈ ‘ಹಿಡಿದಿಡುವುದು’ ಎಂಬ ಮಾತಿನಲ್ಲೇ ಇಡೀ ವಿಷಯ ಇದೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ಗೊಂದಲ ತೆಗೆಯೋಣ. ಕಡಲಹುಲ್ಲು ಪಾಚಿ ಅಲ್ಲ. ಬಂಡೆಗೆ ಅಂಟಿಕೊಂಡು ಬೆಳೆಯುವ ಕಡಲಪಾಚಿಗೆ ನಿಜವಾದ ಬೇರು, ಹೂವು, ಬೀಜ ಇರುವುದಿಲ್ಲ. ಕಡಲಹುಲ್ಲಿಗೆ ಎಲ್ಲವೂ ಇವೆ. ನೆಲದ ಮೇಲಿದ್ದ ಹೂಬಿಡುವ ಗಿಡಗಳೇ ಕೋಟ್ಯಂತರ ವರ್ಷಗಳ ಹಿಂದೆ ಮತ್ತೆ ಸಮುದ್ರಕ್ಕೆ ಇಳಿದು ಹೀಗಾಗಿವೆ. ಪ್ರಪಂಚದಲ್ಲಿ ಇವುಗಳ ಸುಮಾರು 70 ಜಾತಿಗಳಿವೆ. ಗರಿಕೆ ಹೇಗೆ ನೆಲದಲ್ಲಿ ಹಂಬು ಹರಿಸುತ್ತಾ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೋ, ಇದೂ ಹಾಗೇ ಮರಳು ಮತ್ತು ಕೆಸರಿನೊಳಗೆ ಕಾಂಡ ಹರಿಸುತ್ತದೆ. ಉಷ್ಣವಲಯದಲ್ಲಿ ಬೆರಳಿನ ಉಗುರಿನಷ್ಟು ಚಿಕ್ಕ ದುಂಡು ಎಲೆಯ ಹ್ಯಾಲೊಫಿಲಾ ಇದೆ, ಒಂದು ಮೀಟರಿಗೂ ಉದ್ದ ಬೆಳೆಯುವ ಪಟ್ಟಿಯಂಥ ಎಲೆಯ ಎನ್‌ಹ್ಯಾಲಸ್ ಕೂಡ ಇದೆ. ನಡುವೆ ಥಲಾಸಿಯಾ, ಸೈಮೊಡೊಸಿಯಾ, ಹ್ಯಾಲೊಡ್ಯೂಲ್ ಹೀಗೆ ಹಲವು.

ಪಾಚಿಯೋ ಹುಲ್ಲೋ ಎನ್ನುವುದು ಇಲ್ಲಿ ಸುಮ್ನೆ ಹೆಸರಿನ ವಿಷಯವಲ್ಲ. ಪಾಚಿ ಬಹುಪಾಲು ಸುತ್ತಲಿನ ನೀರಿನಿಂದಲೇ ಲೋಹ ತೆಗೆದುಕೊಳ್ಳುತ್ತದೆ. ಹುಲ್ಲಿಗೆ ಎರಡು ಬಾಯಿ. ಒಂದು ಎಲೆ. ಎಲೆಯ ಮೇಲೆ ನೆಲದ ಗಿಡಗಳಿಗೆ ಇರುವಂಥ ಉಸಿರು ರಂಧ್ರಗಳಿಲ್ಲ, ಮೇಲಿನ ಮೇಣದ ಪದರವೂ ತೀರಾ ತೆಳು. ಆದ್ದರಿಂದ ನೀರಿನಲ್ಲಿ ಕರಗಿದ ತಾಮ್ರ, ಸತು, ಕ್ಯಾಡ್ಮಿಯಂ ಎಲೆಯ ಮೈಯಿಂದಲೇ ಒಳಗೆ ಹೋಗುತ್ತವೆ. ಇನ್ನೊಂದು ಬೇರು. ಅದು ಕೆಸರಿನ ಕಣಗಳ ನಡುವೆ ನಿಂತ ನೀರಿನಿಂದ ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಸೀಸ ಮತ್ತು ಕಬ್ಬಿಣ ಬೇರಿನ ಕಡೆ ಜಾಸ್ತಿ ಸಿಗುತ್ತವೆ. ಸತು, ಕ್ಯಾಡ್ಮಿಯಂ ಎಲೆಯ ಕಡೆ ಜಾಸ್ತಿ. ಜಾತಿ ಬದಲಾದರೆ, ಜಾಗ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ.

ಹುಲ್ಲು ಎಷ್ಟು ಹೀರುತ್ತದೆ? ಒಂದು ಲೀಟರಿನಲ್ಲಿ 1 ಮೈಕ್ರೋಗ್ರಾಂ ತಾಮ್ರ ಇರುವ ನೀರು ಎಂದುಕೊಳ್ಳಿ. ಅಲ್ಲಿ ಬೆಳೆದ ಹುಲ್ಲಿನ ಒಣಗಿಸಿದ ಎಲೆಯಲ್ಲಿ ಕಿಲೋಗೆ 10 ಮಿಲಿಗ್ರಾಂ ತಾಮ್ರ ಸಿಕ್ಕರೆ ಅದು ತೂಕಕ್ಕೆ ತೂಕ ಹತ್ತು ಸಾವಿರ ಪಟ್ಟು. ಇಂಥ ಅಂಕಿಗಳನ್ನು ನೋಡಿದಾಗಲೇ ‘ಓಹ್, ಇದು ನೀರನ್ನು ಶುದ್ಧ ಮಾಡುವ ಗಿಡ’ ಎಂಬ ಸುದ್ದಿ ಹುಟ್ಟುವುದು. ಈಗ ಅದೇ ಅಂಕಿಯನ್ನು ಇನ್ನೊಂದು ಬದಿಯಿಂದ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇನೆ.

ಒಂದು ಹೆಕ್ಟೇರ್ ಹುಲ್ಲು ಇದೆ. ಚದರ ಮೀಟರಿಗೆ 100 ಗ್ರಾಂ ಒಣ ಎಲೆ. ಅಂದರೆ ಹೆಕ್ಟೇರಿಗೆ 1,000 ಕಿಲೋ. ಎಲೆಯಲ್ಲಿ ಕಿಲೋಗೆ 5 ಮಿಲಿಗ್ರಾಂ ಸೀಸ ಇದ್ದರೆ ಒಟ್ಟು ಸೀಸ 5 ಗ್ರಾಂ. ಈಗ ಕೆಳಗಿನ ಕೆಸರಿಗೆ ಬನ್ನಿ. ಮೇಲಿನ 10 ಸೆಂಟಿಮೀಟರ್ ಕೆಸರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೂ ಅದು 1,000 ಘನ ಮೀಟರ್, ಒಣ ತೂಕ ಹೆಚ್ಚುಕಡಿಮೆ 1,000 ಟನ್. ಅದರಲ್ಲಿ ಕಿಲೋಗೆ 50 ಮಿಲಿಗ್ರಾಂ ಸೀಸ ಇದ್ದರೆ ಒಟ್ಟು 50 ಕಿಲೋ. ಇಡೀ ಹೆಕ್ಟೇರಿನ ಎಲೆಗಳನ್ನು ಕತ್ತರಿಸಿ ದಡಕ್ಕೆ ತಂದರೂ ಹೊರಗೆ ಬಂದದ್ದು ಹತ್ತು ಸಾವಿರದಲ್ಲಿ ಒಂದು ಪಾಲು. ವರ್ಷಕ್ಕೆ ಹತ್ತು ಸಲ ಕತ್ತರಿಸಿದರೂ ಸಾವಿರ ವರ್ಷ ಬೇಕು. ಹಾಗೆ ಕತ್ತರಿಸುತ್ತಾ ಹೋದರೆ ಹುಲ್ಲೇ ಉಳಿಯುವುದಿಲ್ಲ.

ಕತ್ತರಿಸದೆ ಬಿಟ್ಟರೆ? ಉಷ್ಣವಲಯದ ಕಡಲಹುಲ್ಲಿನ ಎಲೆಗೆ ಆಯಸ್ಸು ಕಡಿಮೆ. ಚಿಕ್ಕ ಜಾತಿಗಳಲ್ಲಿ ಕೆಲವೇ ವಾರ, ದೊಡ್ಡವುಗಳಲ್ಲಿ ಕೆಲವು ತಿಂಗಳು. ಹಳೆಯ ಎಲೆ ಉದುರುತ್ತದೆ. ಅದನ್ನು ಏಡಿ, ಸೀಗಡಿ, ಹುಳುಗಳು ತಿನ್ನುತ್ತವೆ. ಒಂದಷ್ಟು ತೇಲಿ ದಡಕ್ಕೆ ಬೀಳುತ್ತದೆ, ಒಂದಷ್ಟು ಅಲ್ಲೇ ಕೊಳೆತು ಕೆಸರು ಸೇರುತ್ತದೆ. ಎಲೆಯೊಳಗೆ ಹೋದ ಲೋಹವೂ ಅದರ ಜೊತೆಗೇ ತಿರುಗಿ ಬರುತ್ತದೆ. ಬೇರು ಕೆಸರಿನ ಆಳದಿಂದ ಎಳೆದ ಒಂದಿಷ್ಟು ಲೋಹ ಕೂಡ ಎಲೆಯ ಮೂಲಕ ಮೇಲೆ ಬಂದು ಜೀವಿಗಳ ಬಾಯಿಗೆ ಬೀಳುತ್ತದೆ. ಶುದ್ಧೀಕರಣ ಎಂದು ಹೇಳುವವರು ಈ ಭಾಗವನ್ನು ಹೇಳುವುದಿಲ್ಲ. ಅದು ನನಗೆ ಬಹಳ ಬೇಸರದ ವಿಷಯ.

ಹಾಗಾದರೆ ಕಡಲಹುಲ್ಲಿನಿಂದ ಏನೂ ಉಪಯೋಗವಿಲ್ಲವೇ? ಖಂಡಿತ ಇದೆ, ಅದೂ ಬಹಳ ದೊಡ್ಡದು. ಆದರೆ ಆ ಕೆಲಸ ನಡೆಯುವುದು ಎಲೆಯ ಒಳಗಲ್ಲ, ಎಲೆಯ ಕೆಳಗೆ.

ಹುಲ್ಲು ದಟ್ಟವಾಗಿ ನಿಂತ ಕಡೆ ನೀರಿನ ಓಟ ನಿಧಾನವಾಗುತ್ತದೆ. ನಿಧಾನವಾದ ನೀರಿನಿಂದ ಸಣ್ಣ ಕಣಗಳು ಕೆಳಗಿಳಿಯುತ್ತವೆ. ಭಾರ ಲೋಹಗಳು ಅಂಟಿಕೊಳ್ಳುವುದು ಇಂಥ ನುಣ್ಣನೆಯ ಜೇಡಿ ಕಣಗಳಿಗೇ. ದಪ್ಪ ಮರಳಿಗೆ ಅಷ್ಟಾಗಿ ಅಂಟುವುದಿಲ್ಲ. ಹೀಗೆ ಇಳಿದ ಕೆಸರನ್ನು ಬೇರಿನ ಜಾಲ ಕಟ್ಟಿಹಾಕುತ್ತದೆ. ಕೆಸರಿನೊಳಗೆ ಕೆಲವು ಮಿಲಿಮೀಟರ್ ಕೆಳಗೆ ಹೋದರೆ ಆಮ್ಲಜನಕವೇ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವ ಕಪ್ಪು ಕೆಸರು ನೋಡಿರುತ್ತೀರಿ, ಅದೇ. ಸೀಸ, ತಾಮ್ರ, ಸತು, ಕ್ಯಾಡ್ಮಿಯಂ ಈ ಸಲ್ಫೈಡ್ ಜೊತೆ ಸೇರಿದರೆ ನೀರಿನಲ್ಲಿ ಕರಗದ ಗಟ್ಟಿ ವಸ್ತುವಾಗುತ್ತವೆ. ಹಾಗೆ ಗಟ್ಟಿಯಾದ ಲೋಹ ಜೀವಿಗಳಿಗೆ ಸುಲಭವಾಗಿ ಸಿಗುವುದಿಲ್ಲ. ಅಂದರೆ ಹುಲ್ಲುಗಾವಲು ಲೋಹಕ್ಕೆ ಒಂದು ಕಣಜದ ಹಾಗೆ. ತುಂಬಿಸಿ, ಮುಚ್ಚಿ ಇಟ್ಟಿರುತ್ತದೆ.

ಅಪಾಯ ಇರುವುದೂ ಇಲ್ಲೇ. ಬಂದರಿಗೆ ಹೂಳೆತ್ತುವ ಯಂತ್ರ ತಂದು ಆ ಹುಲ್ಲುಗಾವಲನ್ನು ಕೆದಕಿದರೆ, ದೋಣಿಯ ಲಂಗರು ಎಳೆದಾಡಿ ಬೇರು ಕಿತ್ತರೆ, ಹುಲ್ಲು ಸತ್ತು ಕೆಸರು ತೇಲಿ ಹೋದರೆ, ಆ ಕಪ್ಪು ಕೆಸರಿಗೆ ಆಮ್ಲಜನಕ ತಾಗುತ್ತದೆ. ಸಲ್ಫೈಡ್ ಒಡೆಯುತ್ತದೆ. ದಶಕಗಳ ಕಾಲ ಕೂಡಿಟ್ಟ ಲೋಹದಲ್ಲಿ ಒಂದು ಪಾಲು ಮತ್ತೆ ನೀರಿಗೆ ಬರಬಹುದು. ಸೀಸ ಬೆರೆಸಿದ ಪೆಟ್ರೋಲನ್ನು ವಾಹನಗಳಿಗೆ ಮಾರುವುದು ಪ್ರಪಂಚದಲ್ಲಿ ಕೊನೆಗೆ ನಿಂತದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ. ಆದರೆ ಅದಕ್ಕೂ ಹಿಂದಿನ ದಶಕಗಳಲ್ಲಿ ಹೊಗೆಯಾಗಿ ಹೋಗಿ ಮಳೆಯ ಜೊತೆ ಕಡಲಿಗೆ ಇಳಿದ ಸೀಸ ಎಲ್ಲಿಗೂ ಹೋಗಿಲ್ಲ. ಒಂದು ಪಾಲು ಇಂಥ ಕೆಸರುಗಳಲ್ಲೇ ಮಲಗಿದೆ. ಆದ್ದರಿಂದ ಹೊಸ ಹುಲ್ಲು ನೆಡುವ ಉತ್ಸಾಹಕ್ಕಿಂತ ಇರುವ ಹುಲ್ಲನ್ನು ಕದಡದೆ ಬಿಡುವ ಹಟ ಹತ್ತು ಪಟ್ಟು ಮುಖ್ಯ ಎಂದು ನಾನು ನಂಬುತ್ತೇನೆ.

ನೆಡುವುದು ಸುಲಭವೂ ಅಲ್ಲ. ಪ್ರಪಂಚದಾದ್ಯಂತ ನಡೆದ 1,786 ಕಡಲಹುಲ್ಲು ನೆಡುವ ಪ್ರಯತ್ನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆ 2016ರಲ್ಲಿ ಬಂತು. ಉಳಿದುಕೊಂಡದ್ದು ಸುಮಾರು 37%. ಮೊದಲು ಹುಲ್ಲು ಯಾಕೆ ಸತ್ತಿತು ಎಂದು ಹುಡುಕಿ ಆ ಕಾರಣವನ್ನು ತೆಗೆದ ಕಡೆ, ಮತ್ತು ದೊಡ್ಡ ಪ್ರಮಾಣದಲ್ಲಿ ನೆಟ್ಟ ಕಡೆ ಫಲ ಚೆನ್ನಾಗಿತ್ತು. ಇನ್ನೂ ವಿಷ ಬೀಳುತ್ತಿರುವ ಕೊಲ್ಲಿಯಲ್ಲಿ ನೆಟ್ಟರೆ ಗಿಡಕ್ಕೂ ಕಷ್ಟ, ನಿಮ್ಮ ಶ್ರಮವೂ ನೀರುಪಾಲು.

ಲೋಹದಿಂದ ಹುಲ್ಲಿಗೇ ಏನಾಗುತ್ತದೆ ಎಂದು ನೀವು ಕೇಳಿಲ್ಲ. ಆದರೂ ಹೇಳಬೇಕು. ತಾಮ್ರ, ಸತು ಗಿಡಕ್ಕೆ ಚೂರು ಬೇಕೇ ಬೇಕು. ಮಿತಿ ಮೀರಿದರೆ ಅವೇ ವಿಷ. ತಾಮ್ರ ಹೆಚ್ಚಾದಾಗ ಎಲೆಯ ಹಸಿರಿನ ನಡುವೆ ಇರುವ ಮೆಗ್ನೀಸಿಯಂನ ಜಾಗವನ್ನು ಅದೇ ಹಿಡಿದುಕೊಳ್ಳಬಹುದು, ಬೆಳಕಿನಿಂದ ಆಹಾರ ಮಾಡುವ ಯಂತ್ರ ಕೆಡುತ್ತದೆ. 1998ರಲ್ಲಿ ಪ್ರಕಟವಾದ ಒಂದು ಆಸ್ಟ್ರೇಲಿಯನ್ ಪ್ರಯೋಗದಲ್ಲಿ ಹ್ಯಾಲೊಫಿಲಾ ಓವಾಲಿಸ್ ಎಂಬ ಚಿಕ್ಕ ಹುಲ್ಲಿಗೆ ನಾಲ್ಕು ಲೋಹಗಳನ್ನು ಲೀಟರಿಗೆ 1ರಿಂದ 10 ಮಿಲಿಗ್ರಾಂವರೆಗೆ ಕೊಟ್ಟು ನೋಡಿದರು. ಹೆಚ್ಚು ಪೆಟ್ಟು ಕೊಟ್ಟದ್ದು ತಾಮ್ರ ಮತ್ತು ಸತು. ನಮಗೆ ಭಯ ಹುಟ್ಟಿಸುವ ಸೀಸ, ಕ್ಯಾಡ್ಮಿಯಂ ಅಲ್ಲ. ಮನುಷ್ಯನಿಗೆ ಯಾವುದು ದೊಡ್ಡ ವಿಷವೋ ಹುಲ್ಲಿಗೂ ಅದೇ ದೊಡ್ಡ ವಿಷ ಎಂದು ಭಾವಿಸಬಾರದು. ಗಿಡ ಸುಮ್ಮನೆ ಕೂರುವುದಿಲ್ಲ ಅನ್ನುವುದೂ ನೆನಪಿರಲಿ. ಗಂಧಕ ಇರುವ ಪುಟ್ಟ ಅಣುಗಳನ್ನು ತಯಾರಿಸಿ ಲೋಹವನ್ನು ಕಟ್ಟಿಹಾಕುತ್ತದೆ, ಜೀವಕೋಶದ ಗೋಡೆಯಲ್ಲೋ ಒಳಗಿನ ಚೀಲದಲ್ಲೋ ದೂಡಿ ಇಡುತ್ತದೆ.

ತಾಮ್ರ ಎಲ್ಲಿಂದ ಬರುತ್ತದೆ ಎಂದರೆ, ದೋಣಿ ಮತ್ತು ಹಡಗುಗಳ ತಳಕ್ಕೆ ಬಳಿಯುವ ಬಣ್ಣದಿಂದ ಬಹಳಷ್ಟು. ಚಿಪ್ಪು, ಪಾಚಿ ಅಂಟಬಾರದು ಎಂದು ವಿಷ ಬೆರೆಸಿದ ಬಣ್ಣ ಅದು. ಹಿಂದೆ ತವರದ ಒಂದು ಸಂಯುಕ್ತ, ಟಿಬಿಟಿ, ಬಳಸುತ್ತಿದ್ದರು. ಅದು ಶಂಖದ ಹುಳುಗಳ ಸಂತಾನವನ್ನೇ ಕೆಡಿಸುತ್ತದೆ ಎಂದು ಗೊತ್ತಾಗಿ 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು, 2008ರಲ್ಲಿ ಜಾರಿಗೆ ಬಂತು. ಈಗ ಆ ಜಾಗದಲ್ಲಿ ಹೆಚ್ಚಾಗಿ ತಾಮ್ರ ಇದೆ. ದೋಣಿಗಳು ಸಾಲಾಗಿ ನಿಲ್ಲುವ, ನೀರು ಅಷ್ಟಾಗಿ ಬದಲಾಗದ ಒಳಕೊಲ್ಲಿಗಳಲ್ಲಿ ಇದರ ಪರಿಣಾಮ ಜಾಸ್ತಿ. ಉಳಿದ ಮೂಲಗಳು ನಿಮಗೆ ಗೊತ್ತಿರುವವೇ: ಗಣಿ, ಲೋಹ ಕರಗಿಸುವ ಕುಲುಮೆ, ಕಲ್ಲಿದ್ದಲ ಬೂದಿ, ಬ್ಯಾಟರಿ, ನಗರದ ಮಳೆನೀರು.

ಗಣಿಯ ಬಗ್ಗೆ ಒಂದು ಮಾತು. ಫಿಲಿಪ್ಪೀನ್ಸ್‌ನ ಮರಿಂಡೂಕೆ ದ್ವೀಪದ ಕಲಂಕನ್ ಕೊಲ್ಲಿಗೆ 1975ರಿಂದ 1991ರವರೆಗೆ ತಾಮ್ರದ ಗಣಿಯ ತ್ಯಾಜ್ಯ ಸುಮಾರು 20 ಕೋಟಿ ಟನ್ ಸುರಿಯಲಾಯಿತು. ಅಲ್ಲಿ ಹವಳ ಮತ್ತು ಕಡಲಹುಲ್ಲಿಗೆ ಮೊದಲ ಪೆಟ್ಟು ರಾಸಾಯನಿಕ ವಿಷದಿಂದ ಬಿದ್ದದ್ದಲ್ಲ. ಮಣ್ಣಿನಡಿ ಹೂತುಹೋಗುವುದರಿಂದಲೇ ಅವು ಸತ್ತವು. ಬಹಳ ಕಡೆ ಹೀಗೇ. ಲೋಹ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಕೆಂಪು ಮಣ್ಣು ಬರುತ್ತದೆ, ಬೆಳಕು ಕಡಿಮೆಯಾಗುತ್ತದೆ. ಗೊಬ್ಬರದ ನೀರು ಬಂದು ಎಲೆಯ ಮೇಲೆ ಪಾಚಿ ಬೆಳೆಯುತ್ತದೆ. ಉಷ್ಣವಲಯದ ಹುಲ್ಲು ಮೊದಲೇ ತನ್ನ ಬಿಸಿ ತಡೆಯುವ ಮಿತಿಯ ಹತ್ತಿರ ಬದುಕುತ್ತಿರುತ್ತದೆ. ಬೆಳಕು ಕಡಿಮೆಯಾದರೆ ಬೇರಿಗೆ ಕಳಿಸುವ ಆಮ್ಲಜನಕವೂ ಕಡಿಮೆಯಾಗಿ, ಕೆಸರಿನ ಸಲ್ಫೈಡ್ ಗಿಡದೊಳಗೇ ನುಗ್ಗುತ್ತದೆ. ಹೀಗಿರುವಾಗ ಲೋಹ ಒಂದೇ ಹುಲ್ಲನ್ನು ಕೊಂದಿತು ಎಂದು ಹೇಳುವ ಸಂದರ್ಭ ಅಪರೂಪ. 2009ರ ಒಂದು ಲೆಕ್ಕದ ಪ್ರಕಾರ 1879ರಿಂದ ಈಚೆಗೆ, ದಾಖಲೆ ಇರುವ ಕಡಲಹುಲ್ಲಿನ 29% ಇಲ್ಲವಾಗಿದೆ. ಅದರಲ್ಲಿ ಮುಖ್ಯ ಪಾಲು ಕದಡಿದ, ಗೊಬ್ಬರ ತುಂಬಿದ ನೀರಿನದು ಮತ್ತು ತೀರದ ಕಟ್ಟಡ ಕಾಮಗಾರಿಯದು. ಎಲೆ ಹಳದಿಯಾಗಿದೆ, ಕಂದಾಗಿದೆ ಎಂದು ನೋಡಿ ‘ಲೋಹದ ವಿಷ’ ಎಂದು ತೀರ್ಮಾನಿಸಬೇಡಿ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ಇನ್ನು ಮೀನಿನ ಪ್ರಶ್ನೆ. ಇಲ್ಲಿ ಎಲ್ಲ ಲೋಹಗಳನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಪಾದರಸ ಬೇರೆಯೇ ಜಾತಿ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದು ಚಿಕ್ಕ ಜೀವಿಯಿಂದ ಮೀನಿಗೆ, ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತದೆ, ಮತ್ತು ನಾವು ತಿನ್ನುವ ಮಾಂಸದಲ್ಲೇ ಕೂರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಪತ್ತೆಯಾದ ಕಾಯಿಲೆಗೆ ಕಾರಣ ಇದೇ. ಹಾಗಾಗಿ ಬೇಟೆಯಾಡುವ ದೊಡ್ಡ ಮೀನುಗಳ ಬಗ್ಗೆ ಎಚ್ಚರ ಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು.

ಸೀಸ, ಕ್ಯಾಡ್ಮಿಯಂ, ತಾಮ್ರ ಸಾಮಾನ್ಯವಾಗಿ ಹಾಗೆ ಮೇಲೇರುವುದಿಲ್ಲ. ಹುಲ್ಲು ಮೇಯುವ ಮೀನಿನಲ್ಲಿ ಇವು ಕರುಳು, ಯಕೃತ್ತು, ಮೂತ್ರಪಿಂಡದಲ್ಲಿ ಉಳಿಯುತ್ತವೆ. ಮಾಂಸದಲ್ಲಿ ಕಡಿಮೆ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿ ನಡುವಿನ ಟೊರೆಸ್ ಜಲಸಂಧಿಯಲ್ಲಿ, ಕಡಲಹುಲ್ಲನ್ನೇ ತಿಂದು ಬದುಕುವ ಡುಗಾಂಗ್ (ಕಡಲಹಸು) ಮತ್ತು ಹಸಿರು ಕಡಲಾಮೆಗಳ ಯಕೃತ್ತು, ಮೂತ್ರಪಿಂಡಗಳಲ್ಲಿ ಕ್ಯಾಡ್ಮಿಯಂ ಬಹಳ ಹೆಚ್ಚು ಸಿಕ್ಕಿತ್ತು. ದಶಕಗಟ್ಟಲೆ ಬದುಕುವ, ದಿನಕ್ಕೆ 30 ಕಿಲೋಗಿಂತ ಹೆಚ್ಚು ಹುಲ್ಲು ತಿನ್ನುವ ಡುಗಾಂಗ್‌ನಂಥ ಪ್ರಾಣಿಯಲ್ಲಿ ಚೂರು ಚೂರಾಗಿ ಸೇರುತ್ತಾ ಹೋದರೂ ಇಷ್ಟಾಗುತ್ತದೆ. ಹೀಗಾಗಿ ಕೊಳಕು ಕೊಲ್ಲಿಯ ಮೀನಾದರೆ ಒಳಗಿನ ಅಂಗಗಳನ್ನು ತೆಗೆದುಬಿಡಿ. ಹೆಚ್ಚು ಯೋಚಿಸಬೇಕಾದದ್ದು ಚಿಪ್ಪಿನ ಜೀವಿಗಳ ಬಗ್ಗೆ. ಅವು ದಿನವಿಡೀ ನೀರನ್ನು ಸೋಸುತ್ತವೆ, ನಾವು ಅವನ್ನು ಕರುಳಿನ ಸಮೇತ ತಿನ್ನುತ್ತೇವೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಕೋಡೆಕ್ಸ್‌ನಲ್ಲಿ ಮೀನಿನ ಸೀಸಕ್ಕೆ ಮಿತಿ ಕಿಲೋಗೆ 0.3 ಮಿಲಿಗ್ರಾಂ, ಆಯ್ಸ್ಟರ್, ಸ್ಕಾಲಪ್ ಬಿಟ್ಟು ಉಳಿದ ಎರಡು ಚಿಪ್ಪಿನ ಕಡಲ ಜೀವಿಗಳ ಕ್ಯಾಡ್ಮಿಯಂಗೆ 2 ಮಿಲಿಗ್ರಾಂ. ಇದು ಹಸಿ ತೂಕದ ಲೆಕ್ಕ. ಹುಲ್ಲಿನ ವರದಿಗಳು ಒಣ ತೂಕದಲ್ಲಿ ಇರುತ್ತವೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೆದರಬೇಡಿ. ಬೇಯಿಸಿದರೆ, ಹುರಿದರೆ ಲೋಹ ಹೋಗುವುದಿಲ್ಲ ಎನ್ನುವುದಂತೂ ನಿಜ. ಹುಲ್ಲಿನಲ್ಲಿ ಲೋಹ ಕಂಡ ಮಾತ್ರಕ್ಕೆ ಮೀನು ವಿಷ ಎನ್ನಲೂ ಆಗದು, ಹುಲ್ಲು ಹಸಿರಾಗಿದೆ ಎಂದು ಮೀನು ಸುರಕ್ಷಿತ ಎನ್ನಲೂ ಆಗದು. ಮೀನಿನ ಉತ್ತರ ಬೇಕಾದರೆ ಮೀನನ್ನೇ ಅಳೆಯಬೇಕು.

ಕೊನೆಯದಾಗಿ ನಿಮ್ಮ ಮಾದರಿ ತೆಗೆಯುವ ಕೆಲಸ. ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಕಡಲಹುಲ್ಲಿನ ನಿಜವಾದ ಶಕ್ತಿ ಇರುವುದು ಸುಳಿವು ಕೊಡುವುದರಲ್ಲಿ. ನೀರನ್ನು ಅಳೆದರೆ ಆ ಕ್ಷಣದ ಕಥೆ ಮಾತ್ರ ಸಿಗುತ್ತದೆ. ಬೆಳಿಗ್ಗೆ ಅಳೆದರೆ ಒಂದು, ಸಂಜೆ ಉಬ್ಬರ ಬಂದಾಗ ಇನ್ನೊಂದು. ಎಲೆ ತಾನು ಬದುಕಿದ ಅಷ್ಟೂ ವಾರಗಳ ಲೆಕ್ಕ ಇಟ್ಟಿರುತ್ತದೆ. ಬೇರು ಇನ್ನೂ ಹೆಚ್ಚು ಕಾಲದ್ದು.

ಮೊದಲು ಅನುಮತಿ ಕೇಳಿ. ಬಹಳ ಕಡೆ ಕಡಲಹುಲ್ಲು ಕೀಳುವುದಕ್ಕೆ ನಿರ್ಬಂಧ ಇದೆ, ಇರಲೇಬೇಕು. ಆಮೇಲೆ ಒಂದೇ ಜಾತಿಯನ್ನು ಆರಿಸಿಕೊಳ್ಳಿ, ಎಲ್ಲ ಜಾಗದಲ್ಲೂ ಅದನ್ನೇ ತೆಗೆಯಿರಿ. ಹೊಸ ಎಲೆಗೂ ಹಳೆಯ ಎಲೆಗೂ ಲೋಹದ ಪ್ರಮಾಣ ಬೇರೆ. ಆದ್ದರಿಂದ ಪ್ರತಿ ಚಿಗುರಿನಲ್ಲೂ ಒಳಗಿನಿಂದ ಎಣಿಸಿ ಒಂದೇ ಸ್ಥಾನದ ಎಲೆ ತೆಗೆಯಬೇಕು. ಎಲೆಯ ಮೇಲೆ ಬೆಳೆದ ಪಾಚಿ, ಸುಣ್ಣದ ಪೊರೆ, ಅಂಟಿದ ಕೆಸರನ್ನು ಪ್ಲಾಸ್ಟಿಕ್ ಚೂರಿನಿಂದ ನಿಧಾನವಾಗಿ ಕೆರೆದು ತೆಗೆಯಿರಿ. ಸ್ಟೀಲ್ ಚಾಕು ಬೇಡ, ಅದರಿಂದಲೇ ಕ್ರೋಮಿಯಂ, ನಿಕ್ಕಲ್ ಸೇರಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆತುರದಿಂದ ಸರಿಯಾಗಿ ಕೆರೆಯದೆ ಒಂದು ಇಡೀ ಕಂತಿನ ಮಾದರಿಗಳನ್ನು ಕಳಿಸಿದ್ದೆ. ಕಬ್ಬಿಣದ ಅಂಕಿ ಆಕಾಶಕ್ಕೆ ಹೋಯಿತು. ಅದು ಎಲೆಯ ಕಬ್ಬಿಣವಲ್ಲ, ಎಲೆಗೆ ಅಂಟಿದ್ದ ಕೆಸರಿನದು. ಎಲ್ಲವನ್ನೂ ಮತ್ತೆ ಮಾಡಬೇಕಾಯಿತು.

ಕೆಸರನ್ನೂ ಅದೇ ಜಾಗದಿಂದ ತೆಗೆಯಿರಿ. ಪ್ರಯೋಗಾಲಯದಲ್ಲಿ 63 ಮೈಕ್ರಾನ್‌ಗಿಂತ ನುಣ್ಣಗಿರುವ ಭಾಗವನ್ನು ಬೇರೆ ಅಳೆಯಲು ಕೇಳಿ, ಅಲ್ಯೂಮಿನಿಯಂ ಕೂಡ ಅಳೆಯಲು ಹೇಳಿ. ಯಾಕೆಂದರೆ ಮಣ್ಣಿನಲ್ಲಿ ಸಹಜವಾಗಿಯೇ ಲೋಹ ಇರುತ್ತದೆ. ಉಷ್ಣವಲಯದ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಕೆಲವು ಕಡೆ ಕ್ರೋಮಿಯಂ, ನಿಕ್ಕಲ್ ಕೂಡ. ಅಲ್ಯೂಮಿನಿಯಂ ಜೊತೆ ಹೋಲಿಸಿದರೆ ಎಷ್ಟು ಮಣ್ಣಿನದು, ಎಷ್ಟು ಮನುಷ್ಯ ಸೇರಿಸಿದ್ದು ಎಂದು ಅಂದಾಜು ಸಿಗುತ್ತದೆ. ಕಾರ್ಖಾನೆಯ ಬಳಿ ಮಾತ್ರ ಅಳೆದು ಬರಬೇಡಿ. ದೂರದ, ಸ್ವಚ್ಛವಾದ, ಅದೇ ಬಗೆಯ ಮಣ್ಣಿನ ಒಂದು ಜಾಗವನ್ನೂ ಅಳೆಯಿರಿ.

ಮಳೆಗಾಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ತೆಗೆಯಿರಿ. ನದಿ ತುಂಬಿ ಬಂದಾಗ ಲೋಹ ಹೊತ್ತ ಮಣ್ಣು ಬರುತ್ತದೆ. ಇನ್ನೊಂದು ಸೂಕ್ಷ್ಮ ಕಾರಣವೂ ಇದೆ. ಉಪ್ಪುನೀರಿನಲ್ಲಿ ಕ್ಯಾಡ್ಮಿಯಂ ಹೆಚ್ಚಿನ ಪಾಲು ಕ್ಲೋರೈಡ್ ಜೊತೆ ಕೂಡಿಕೊಂಡಿರುತ್ತದೆ, ಆಗ ಜೀವಿಗಳು ಅದನ್ನು ಅಷ್ಟು ಸುಲಭವಾಗಿ ಹೀರುವುದಿಲ್ಲ. ಮಳೆನೀರು ಬೆರೆತು ಉಪ್ಪು ಕಡಿಮೆಯಾದಾಗ ಅದು ಬಿಡಿಯಾಗುತ್ತದೆ, ಅಷ್ಟೇ ಕ್ಯಾಡ್ಮಿಯಂ ಇದ್ದರೂ ಒಳಗೆ ಹೋಗುವುದು ಜಾಸ್ತಿ. ಆದ್ದರಿಂದ ಪ್ರತಿ ಸಲವೂ ನೀರಿನ ಉಪ್ಪಿನಂಶ ಮತ್ತು ಉಷ್ಣತೆಯನ್ನು ಬರೆದಿಟ್ಟುಕೊಳ್ಳಿ.

ಮಾದರಿ ಕಳಿಸುವಾಗ ಪ್ರಯೋಗಾಲಯದವರನ್ನು ಒಂದು ಮಾತು ಕೇಳಿ: ಲೋಹದ ಪ್ರಮಾಣ ಮೊದಲೇ ಖಚಿತವಾಗಿ ಗೊತ್ತಿರುವ ಪ್ರಮಾಣಿತ ಗಿಡದ ಪುಡಿಯನ್ನೂ ಇದರ ಜೊತೆ ಅಳೆಯುತ್ತೀರಾ, ಆ ಅಂಕಿಯನ್ನೂ ವರದಿಯಲ್ಲಿ ಕೊಡುತ್ತೀರಾ ಎಂದು. ಕೊಡುವುದಿಲ್ಲ ಎಂದರೆ ಬೇರೆ ಕಡೆ ಹೋಗಿ. ಒಣಗಿಸಿ ಪುಡಿ ಮಾಡಿದ ಎಲೆಯ ಅರ್ಧ ಪಾಲನ್ನು ಜಾಗ, ದಿನಾಂಕ ಬರೆದು, ತೇವ ತಾಗದ ಹಾಗೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಯಾರಾದರೂ ನಿಮ್ಮ ಅಂಕಿಯನ್ನು ಪ್ರಶ್ನಿಸಿದರೆ ಮತ್ತೆ ಅಳೆಯಲು ಅದು ಬೇಕಾಗುತ್ತದೆ.